ಫೋಟೋ ಯಾರ ಸೊತ್ತು?

ಬೆಂಗಳೂರು ದಂಡಿನಲ್ಲಿ, ಹಲಸೂರು ಕೆರೆಗೆ ಸಮೀಪದಲ್ಲಿ ಮರ್ಫಿ ಟೌನ್ ಎಂಬ ಬಡಾವಣೆಯಿದೆ. ಬ್ರಿಟಿಷರ ಕಾಲದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನಲ್ಲಿ ಎಂಜಿನಿಯರ್ ಆಗಿದ್ದ ಮರ್ಫಿಯ ಹೆಸರು ಅದಕ್ಕೆ ಉಳಿದುಕೊಂಡಿದೆ. ದಂಡಿನಲ್ಲಿ ಮೈಮುರಿದು ದುಡಿಯುವ ಬಡವರಿಗೆಂದು ಕಟ್ಟಿದ ಸಣ್ಣ ಮನೆಗಳ ಸಾಲುಗಳಿಂದ ಬೆಳೆದ ಊರು ಅದು. ಕನ್ನಡ, ತಮಿಳು, ದಖ್ಖನಿ ಉರ್ದು, ಇಂಗ್ಲಿಷು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಇಲ್ಲಿನ ಜೀವನ ನಿಂತಿರುವುದು ಸಣ್ಣ ವ್ಯಾಪಾರದ ಮೇಲೆ. ಮಾಂಸದಂಗಡಿ, ಹೊಲಿಗೆಯಂಗಡಿ, ಬೇಕರಿ, ಬಿರಿಯಾನಿ ಹೋಟೆಲು, ಮೊಬೈಲ್ ರಿಪೇರಿಯ ಗೂಡು.

ಇಂತಹ ಯಾವುದೇ ಬೀದಿಯ ಬೋರ್ಡುಗಳನ್ನು ನೋಡಿ. ಅಕ್ಷರಗಳಿಗಿಂತ ಚಿತ್ರಗಳೇ ಹೆಚ್ಚು. ಬಿರಿಯಾನಿಯ ತಟ್ಟೆ, ನಗುವ ಮಗು, ಒಡವೆ ತೊಟ್ಟ ಮದುಮಗಳು, ಬಿಳಿ ಕೋಟಿನ ವೈದ್ಯ. ಆ ಬಿರಿಯಾನಿಯನ್ನು ಆ ಹೋಟೆಲಿನಲ್ಲಿ ಬೇಯಿಸಿದ್ದಲ್ಲ. ಆ ವೈದ್ಯ ಆ ಕ್ಲಿನಿಕ್ಕಿನವನಲ್ಲ. ಎಲ್ಲವೂ ಕಂಪ್ಯೂಟರಿನಲ್ಲಿ ಹುಡುಕಿ ತೆಗೆದವು. ಹುಡುಕಿದ ಕೂಡಲೇ ಸಿಗುವ ವಸ್ತುವಿಗೆ ಒಡೆಯನೊಬ್ಬ ಇರಬಹುದು ಎಂಬ ಯೋಚನೆಯೇ ನಮಗೆ ಬರುವುದಿಲ್ಲ. ವಕೀಲರ ನೋಟಿಸು ಬಂದಾಗ ಮಾತ್ರ ಪ್ರಶ್ನೆ ಏಳುತ್ತದೆ: ಫೋಟೋ ಯಾರ ಸೊತ್ತು? ತೆಗೆದವನದೇ, ತೆಗೆಸಿದವನದೇ, ಕೊಂಡವನದೇ, ಅಥವಾ ಅದರೊಳಗಿರುವ ಮನುಷ್ಯನದೇ?

ಈ ಪ್ರಶ್ನೆ ಇಂಟರ್ನೆಟ್ಟಿನೊಂದಿಗೆ ಹುಟ್ಟಿದ್ದಲ್ಲ. ಅದಕ್ಕೆ ನೂರೈವತ್ತು ವರ್ಷ ಮೀರಿದ ಇತಿಹಾಸವಿದೆ. ಆ ಇತಿಹಾಸದ ಒಂದು ಕೊಂಡಿ ಇದೇ ಬೆಂಗಳೂರು ದಂಡಿನಲ್ಲಿದೆ.

ದಂಡಿಗೆ ಬಂದ ಕ್ಯಾಮರಾ

ಲಿನಿಯಸ್ ಟ್ರೈಪ್ ಈಸ್ಟ್ ಇಂಡಿಯಾ ಕಂಪೆನಿಯ ಮದ್ರಾಸ್ ಸೈನ್ಯದ ಅಧಿಕಾರಿ. ಬೆಂಗಳೂರಿನಲ್ಲಿ ಬೀಡುಬಿಟ್ಟಿದ್ದ ಪಡೆಯೊಂದಿಗೆ ಇಲ್ಲಿದ್ದಾಗ, 1854ರ ಡಿಸೆಂಬರಿನಲ್ಲಿ ಆತ ಹಳೇಬೀಡು ಮತ್ತು ಬೇಲೂರಿಗೆ ಹೋಗಿ ಅಲ್ಲಿನ ದೇವಾಲಯಗಳ ಫೋಟೋ ತೆಗೆದ. ಮರುವರ್ಷ ಮದ್ರಾಸಿನ ವಸ್ತುಪ್ರದರ್ಶನದಲ್ಲಿ ಆ ಚಿತ್ರಗಳು ಮೆಚ್ಚುಗೆ ಪಡೆದವು. ಅದೇ 1855ರಲ್ಲಿ ಲಾರ್ಡ್ ಡಾಲ್‌ಹೌಸಿ ಬರ್ಮಾದ ಆವಾ ದರ್ಬಾರಿಗೆ ಕಳಿಸಿದ ನಿಯೋಗದೊಂದಿಗೆ ಟ್ರೈಪ್ ಅಧಿಕೃತ ಛಾಯಾಗ್ರಾಹಕನಾಗಿ ಹೋದ. ಮರಳಿ ಬಂದು ಬೆಂಗಳೂರಿನಲ್ಲೇ ಅವುಗಳ ಪ್ರತಿ ತೆಗೆಯಲು ಕುಳಿತ. 120 ಚಿತ್ರಗಳ ಸಂಪುಟ, ಅಂತಹ 50 ಪ್ರತಿಗಳು. ಅಂದರೆ 6,000 ಮುದ್ರಣಗಳು. ಒಂದೊಂದನ್ನೂ ಬಿಸಿಲಿನಲ್ಲಿಟ್ಟು ಕೈಯಿಂದಲೇ ಮಾಡಬೇಕಾಗಿದ್ದ ಕಾಲ ಅದು.

ಅನಂತರ ಟ್ರೈಪ್ ಮದ್ರಾಸ್ ಪ್ರಾಂತದ ಸರಕಾರಿ ಛಾಯಾಗ್ರಾಹಕನಾಗಿ ಮಧುರೆ, ತಂಜಾವೂರುಗಳನ್ನು ಸುತ್ತಿದ. 1859ರಲ್ಲಿ ಗವರ್ನರ್ ಆಗಿ ಬಂದ ಟ್ರೆವೆಲ್ಯಾನ್, ಇದು ದುಂದುವೆಚ್ಚ ಎಂದು ಆ ಕೆಲಸವನ್ನೇ ನಿಲ್ಲಿಸಿಬಿಟ್ಟ. ಚಿತ್ರಗಳು ಸರಕಾರದವು, ಖರ್ಚು ಸರಕಾರದ್ದು, ಬೇಡವೆಂದರೆ ಮುಗಿಯಿತು. ಇಂದು ಪ್ರಪಂಚದ ದೊಡ್ಡ ಸಂಗ್ರಹಾಲಯಗಳು ಜೋಪಾನ ಮಾಡುತ್ತಿರುವ ಆ ಚಿತ್ರಗಳ ಮೇಲೆ ಅವುಗಳನ್ನು ತೆಗೆದವನಿಗೆ ಯಾವ ಹಕ್ಕೂ ಇರಲಿಲ್ಲ. ಏಕೆಂದರೆ ಫೋಟೋಗೆ ಹಕ್ಕುಸ್ವಾಮ್ಯ ಎಂಬ ಕಲ್ಪನೆಯೇ ಆಗ ಕಾನೂನಿನಲ್ಲಿ ಇರಲಿಲ್ಲ. ಕಂಪೆನಿ ಸರಕಾರ ಭಾರತಕ್ಕೆಂದು 1847ರಲ್ಲಿ ಮಾಡಿದ ಹಕ್ಕುಸ್ವಾಮ್ಯದ ಕಾಯಿದೆ ಪುಸ್ತಕಗಳಿಗೆ ಸಂಬಂಧಿಸಿದ್ದಾಗಿತ್ತು.

ಕರ್ನಾಟಕದ ಇನ್ನೊಂದು ತುದಿಯಲ್ಲೂ ಇಂತಹದೇ ಕೆಲಸ ನಡೆದಿತ್ತು. ಕರ್ನಲ್ ಬಿಗ್ಸ್, ಡಾ. ಪಿಗೂ, ಡಾ. ನೀಲ್ ಎಂಬ ಸೇನೆಯ ಅಧಿಕಾರಿಗಳು ಮತ್ತು ವೈದ್ಯರು ಬಿಜಾಪುರ, ಬಾದಾಮಿ, ಐಹೊಳೆ, ಹಳೇಬೀಡುಗಳ ಫೋಟೋ ತೆಗೆದಿದ್ದರು. ಅವುಗಳಿಂದ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಬಗ್ಗೆ ಒಂದು, ಬಿಜಾಪುರದ ಬಗ್ಗೆ ಇನ್ನೊಂದು ಹೊತ್ತಗೆ 1866ರಲ್ಲಿ ಲಂಡನ್ನಿನಲ್ಲಿ ಹೊರಬಂದವು. ಮೊದಲನೆಯದಕ್ಕೆ ಹಣ ಕೊಟ್ಟವರು ಮುಂಬಯಿಯ ಹತ್ತಿ ವ್ಯಾಪಾರಿ ಪ್ರೇಮ್‌ಚಂದ್ ರಾಯ್‌ಚಂದ್. ಪ್ರಕಟಿಸಿದವರು ಲಂಡನ್ನಿನ ಜಾನ್ ಮರ್ರೆ. ಚಿತ್ರ ತೆಗೆದವನೊಬ್ಬ, ಹಣ ಹೂಡಿದವನೊಬ್ಬ, ಮಾರಿದವನೊಬ್ಬ. ಫೋಟೋದ ವ್ಯವಹಾರದಲ್ಲಿ ಇಂದು ಕಾಣುವ ಮೂವರೂ ಆಗಲೇ ಹಾಜರಿದ್ದರು.

ನಾಲ್ಕನೆಯವನೂ ಇದ್ದ. 1868ರಿಂದ 1875ರವರೆಗೆ ಭಾರತದ ಜನಜಾತಿಗಳ ಫೋಟೋಗಳ ಎಂಟು ಸಂಪುಟಗಳನ್ನು ಬ್ರಿಟಿಷ್ ಸರಕಾರ ಹೊರತಂದಿತು. ಕುಲ, ಕಸುಬು, ಮತಗಳ ಪ್ರಕಾರ ಜನರನ್ನು ವಿಂಗಡಿಸಿ, ಪ್ರತಿಯೊಂದು ಚಿತ್ರದ ಜೊತೆಗೆ ಆ ಸಮುದಾಯದ ‘ಗುಣ’ಗಳನ್ನು ಬರೆಯಲಾಗಿತ್ತು. ಯಾರು ನಂಬಿಗಸ್ತರು, ಯಾರು ಅಲ್ಲ ಎಂಬ ತೀರ್ಪುಗಳೂ ಇದ್ದವು. ಕ್ಯಾಮರಾದ ಮುಂದೆ ನಿಂತವರು ತಮ್ಮ ಚಿತ್ರದ ಕೆಳಗೆ ಏನು ಬರೆಯುತ್ತಾರೆಂದು ಕೇಳುವ ಸ್ಥಿತಿಯಲ್ಲಿರಲಿಲ್ಲ. ಫೋಟೋದ ಇತಿಹಾಸದಲ್ಲಿ ಎಲ್ಲರಿಗಿಂತ ಕೊನೆಗೆ ನೆನಪಾದವನು ಈ ನಾಲ್ಕನೆಯವನು.

ಹಕ್ಕು ಹುಟ್ಟಿದ ಬಗೆ

ಬ್ರಿಟನ್ನಿನಲ್ಲಿ ಫೋಟೋಗೆ ಹಕ್ಕುಸ್ವಾಮ್ಯ ಸಿಕ್ಕಿದ್ದು 1862ರ ಕಾಯಿದೆಯಿಂದ. ಚಿತ್ರಕಲೆ, ರೇಖಾಚಿತ್ರಗಳ ಜೊತೆ ಫೋಟೋವನ್ನೂ ಅದು ಸೇರಿಸಿಕೊಂಡಿತು. ಆದರೆ ಹಣ ಕೊಟ್ಟು ಚಿತ್ರ ತೆಗೆಸಿದಲ್ಲಿ, ಬೇರೆ ಲಿಖಿತ ಒಪ್ಪಂದ ಇಲ್ಲದಿದ್ದರೆ ಹಕ್ಕು ತೆಗೆಸಿದವನದು ಎಂದೂ ಹೇಳಿತು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಇದರ ವಂಶ ಇಂದಿಗೂ ನಮ್ಮ ಕಾನೂನಿನಲ್ಲಿ ಬದುಕಿದೆ. ಆದರೆ ಆ ಕಾಯಿದೆಯ ರಕ್ಷಣೆ ಬ್ರಿಟನ್ನಿನೊಳಗೆ ಮಾತ್ರ, ವಸಾಹತುಗಳಿಗಿಲ್ಲ ಎಂದು ಪ್ರಿವಿ ಕೌನ್ಸಿಲ್ 1903ರಲ್ಲಿ ಕೆನಡಾದ ಒಂದು ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು.

ಯಂತ್ರ ತೆಗೆದ ಚಿತ್ರಕ್ಕೆ ಮನುಷ್ಯ ಕರ್ತೃವಾಗಲು ಸಾಧ್ಯವೇ ಎಂಬ ಚರ್ಚೆ ಅಮೆರಿಕದಲ್ಲಿ ನಡೆಯಿತು. ನ್ಯೂಯಾರ್ಕಿನ ನೆಪೋಲಿಯನ್ ಸರೋನಿ ಎಂಬ ಛಾಯಾಗ್ರಾಹಕ ಸಾಹಿತಿ ಆಸ್ಕರ್ ವೈಲ್ಡರ ಫೋಟೋ ತೆಗೆದಿದ್ದ. ಒಂದು ಮುದ್ರಣ ಕಂಪೆನಿ ಅದನ್ನು ನಕಲು ಮಾಡಿ ಮಾರಿತು. ಕ್ಯಾಮರಾ ಇದ್ದುದನ್ನು ಇದ್ದ ಹಾಗೆ ಹಿಡಿಯುತ್ತದೆ, ಅದರಲ್ಲಿ ಸೃಷ್ಟಿಯೇನಿದೆ ಎಂಬುದು ಕಂಪೆನಿಯ ವಾದ. 1884ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕೂರಿಸಿದ ಭಂಗಿ, ಉಡುಪು, ಬೆಳಕು, ನೆರಳು ಎಲ್ಲವನ್ನೂ ಆರಿಸಿದವನು ಸರೋನಿ, ಆದ್ದರಿಂದ ಆತನೇ ಕರ್ತೃ ಎಂದಿತು. ಫೋಟೋ ತೆಗೆಯುವವನು ಬರೇ ಗುಂಡಿ ಒತ್ತುವವನಲ್ಲ ಎಂದು ಕಾನೂನು ಒಪ್ಪಿಕೊಂಡ ಮುಖ್ಯ ಗಳಿಗೆ ಅದು.

ಭಾರತಕ್ಕೆ ಈ ಹಕ್ಕು ಸ್ಪಷ್ಟವಾಗಿ ಬಂದದ್ದು ಬ್ರಿಟನ್ನಿನ 1911ರ ಕಾಯಿದೆಯನ್ನು ಅಳವಡಿಸಿಕೊಂಡ 1914ರ ಕಾಯಿದೆಯಿಂದ. ಅದರ ಪ್ರಕಾರ ನೆಗೆಟಿವ್ ಯಾರ ಸೊತ್ತೋ ಅವರೇ ಫೋಟೋದ ಕರ್ತೃ. ನೆಗೆಟಿವ್ ಮಾಡಿದಂದಿನಿಂದ 50 ವರ್ಷ ಹಕ್ಕು. ಆ ಹೊತ್ತಿಗೆ ಬೆಂಗಳೂರು ದಂಡಿನಲ್ಲಿ ಫೋಟೋ ಒಂದು ವ್ಯಾಪಾರವಾಗಿ ಬೇರುಬಿಟ್ಟಿತ್ತು. ಸೌತ್ ಪರೇಡ್ ಎನ್ನುತ್ತಿದ್ದ ಇಂದಿನ ಎಂ.ಜಿ. ರಸ್ತೆಯಲ್ಲಿ ಹಿಗ್ಗಿನ್‌ಬಾಥಮ್ಸ್ ಪುಸ್ತಕದಂಗಡಿ 1905ರಲ್ಲಿ ಬಂತು. ಅದು ಬೆಂಗಳೂರಿನ ನೋಟಗಳ ಪೋಸ್ಟ್‌ಕಾರ್ಡುಗಳನ್ನು ಅಚ್ಚು ಹಾಕಿಸಿ ಮಾರಿತು. ಜಿ.ಕೆ. ವೇಲ್ ಸ್ಟುಡಿಯೊ 1910ರಲ್ಲಿ ಆರಂಭವಾಯಿತು. ಆ ಕಾಲದ ಪೋಸ್ಟ್‌ಕಾರ್ಡುಗಳಲ್ಲಿ ಅಂಗಡಿಯ ಹೆಸರು ಕಾಣುತ್ತದೆ, ಫೋಟೋ ತೆಗೆದವನ ಹೆಸರು ಸಾಮಾನ್ಯವಾಗಿ ಕಾಣುವುದಿಲ್ಲ. ನೆಗೆಟಿವಿನ ಒಡೆಯನೇ ಕರ್ತೃ ಎಂದಾಗ ಸ್ಟುಡಿಯೊದಲ್ಲಿ ಸಂಬಳಕ್ಕೆ ದುಡಿದವನ ಹೆಸರು ಉಳಿಯುವುದಾದರೂ ಹೇಗೆ?

1957ರ ಕಾಯಿದೆ: ತೆಗೆದವನೂ ತೆಗೆಸಿದವನೂ

ಸ್ವತಂತ್ರ ಭಾರತದ ಹಕ್ಕುಸ್ವಾಮ್ಯ ಕಾಯಿದೆ 1957ರದು. ಜಾರಿಗೆ ಬಂದದ್ದು 1958ರ ಜನವರಿಯಲ್ಲಿ. ಹಲವು ತಿದ್ದುಪಡಿಗಳೊಂದಿಗೆ ಇಂದಿಗೂ ನಡೆಯುತ್ತಿರುವುದು ಇದೇ. ಇದು ನೆಗೆಟಿವಿನ ಒಡೆಯನನ್ನು ಬದಿಗಿಟ್ಟು, ಫೋಟೋ ತೆಗೆದ ವ್ಯಕ್ತಿಯೇ ಕರ್ತೃ ಎಂದಿತು. ಆದರೆ ಕರ್ತೃ ಬೇರೆ, ಮೊದಲ ಒಡೆಯ ಬೇರೆ ಆಗಬಹುದು. ಇಲ್ಲಿಯೇ ಹೆಚ್ಚಿನವರು ಎಡವುವುದು.

ಕಾಯಿದೆಯ 17ನೇ ಸೆಕ್ಷನ್ ಹೇಳುವುದಿಷ್ಟು. ಸಾಮಾನ್ಯವಾಗಿ ಕರ್ತೃವೇ ಮೊದಲ ಒಡೆಯ. ಆದರೆ ಯಾರಾದರೂ ಹಣ ಕೊಟ್ಟು ತಮ್ಮ ಕೋರಿಕೆಯ ಮೇಲೆ ಫೋಟೋ ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಹಣ ಕೊಟ್ಟವರೇ ಒಡೆಯರು. ನೌಕರಿಯ ಭಾಗವಾಗಿ ತೆಗೆದಿದ್ದರೆ ಯಜಮಾನ ಒಡೆಯ. ಪತ್ರಿಕೆಯ ನೌಕರ ತೆಗೆದ ಚಿತ್ರವಾದರೆ ಪತ್ರಿಕೆಯಲ್ಲಿ ಪ್ರಕಟಿಸುವ ಹಕ್ಕು ಮಾತ್ರ ಮಾಲಕನದು, ಉಳಿದದ್ದು ತೆಗೆದವನದೇ, ಒಪ್ಪಂದ ಬೇರೆ ಹೇಳದಿದ್ದರೆ. 1948ರಲ್ಲಿ ಡೆಕ್ಕನ್ ಹೆರಾಲ್ಡಿಗೆ ಸೇರಿ, ಮುಂದೆ ಸ್ವತಂತ್ರವಾಗಿ ದುಡಿದು ಹೆಸರಾದ ಮೈಸೂರಿನ ಟಿ.ಎಸ್. ಸತ್ಯನ್ ಅವರಂತಹವರ ಇಡೀ ಜೀವನದ ದುಡಿಮೆ ಇಂತಹ ಒಂದು ವಾಕ್ಯದ ಮೇಲೆ ನಿಲ್ಲುತ್ತದೆ ಎಂದರೆ ಅದರ ತೂಕ ಅರ್ಥವಾದೀತು.

ಇದನ್ನು ನಮ್ಮ ಬೀದಿಗೆ ತಂದು ನೋಡೋಣ. ಒಂದು ನಿಕಾಹ್ ನಡೆಯುತ್ತದೆ. ಮನೆಯವರು ಸ್ಟುಡಿಯೊದವರಿಗೆ ಹಣ ಕೊಟ್ಟು ಆಲ್ಬಮ್ ಮಾಡಿಸುತ್ತಾರೆ. ಫೋಟೋ ಬಹಳ ಚೆನ್ನಾಗಿ ಬಂದಿದೆ ಎಂದು ಸ್ಟುಡಿಯೊದವನು ಮದುಮಗಳ ಚಿತ್ರವನ್ನು ಅಂಗಡಿಯ ಗಾಜಿಗೆ ಅಂಟಿಸುತ್ತಾನೆ, ಜಾಹೀರಾತಿಗೆ ಹಾಕುತ್ತಾನೆ, ಬ್ಯೂಟಿ ಪಾರ್ಲರಿನವರಿಗೂ ಕೊಡುತ್ತಾನೆ. ತಾನೇ ತೆಗೆದದ್ದು, ತನ್ನ ಕಂಪ್ಯೂಟರಿನಲ್ಲಿದೆ, ಆದ್ದರಿಂದ ತನ್ನದೇ ಎಂಬುದು ಅವನ ನಂಬಿಕೆ. ಬೇರೆ ಕರಾರು ಇಲ್ಲದಿದ್ದರೆ ಭಾರತದ ಕಾನೂನಿನ ಪ್ರಕಾರ ಆ ನಂಬಿಕೆ ತಪ್ಪು. ಆ ಚಿತ್ರಗಳ ಹಕ್ಕು ಹಣ ಕೊಟ್ಟ ಮನೆಯವರದು. ಕೇಳದೆ ಬಳಸುವಂತಿಲ್ಲ.

ಬ್ರಿಟನ್ 1988ರ ಕಾಯಿದೆಯಲ್ಲಿ ಈ ನಿಯಮವನ್ನು ಕೈಬಿಟ್ಟು ಹಕ್ಕನ್ನು ಛಾಯಾಗ್ರಾಹಕನಿಗೇ ಕೊಟ್ಟಿತು. ಆದರೆ ಮನೆಯ ಖಾಸಗಿ ಉದ್ದೇಶಕ್ಕೆ ತೆಗೆಸಿದ ಚಿತ್ರವನ್ನು ಬಹಿರಂಗಪಡಿಸದಂತೆ ತಡೆಯುವ ಹಕ್ಕನ್ನು ತೆಗೆಸಿದವರಿಗೆ ಉಳಿಸಿತು. ನಮ್ಮಲ್ಲಿ ಹಳೆಯ ನಿಯಮವೇ ಮುಂದುವರಿದಿದೆ. ದಾರಿ ಬೇರೆಯಾದರೂ ಎರಡೂ ಕಡೆ ಮನೆಯೊಳಗಿನ ಮಾನಕ್ಕೆ ಬೆಲೆಯಿದೆ.

ಇದೇ ನಿಯಮ ವ್ಯಾಪಾರಿಗೂ ಅನುಕೂಲ. ಬಿರಿಯಾನಿ ಹೋಟೆಲಿನವರು ಪಕ್ಕದ ಸ್ಟುಡಿಯೊದವರನ್ನು ಕರೆದು, ಹಣ ಕೊಟ್ಟು, ತಮ್ಮದೇ ತಟ್ಟೆಯ ಫೋಟೋ ತೆಗೆಸಿದರೆ ಆ ಚಿತ್ರ ತಮ್ಮದೇ. ಬೋರ್ಡಿಗೂ ಮೆನುವಿಗೂ ಮೊಬೈಲಿನ ಜಾಹೀರಾತಿಗೂ ಬಳಸಬಹುದು. ಎಲ್ಲಿಂದಲೋ ಹೆಕ್ಕಿದ ಚಿತ್ರಕ್ಕಿಂತ ಇದು ಸುರಕ್ಷಿತ, ಪ್ರಾಮಾಣಿಕವೂ ಹೌದು. ಗಿರಾಕಿಗೆ ಬಡಿಸುವುದನ್ನೇ ತೋರಿಸಿದಂತಾಗುತ್ತದೆ.

ಫೋಟೋವನ್ನು ನೋಡಿ ಚಿತ್ರ ಬರೆದರೆ ಏನಾಗುತ್ತದೆ ಎಂಬ ಪ್ರಶ್ನೆಯೂ ನ್ಯಾಯಾಲಯಕ್ಕೆ ಹೋಗಿದೆ. ಮದ್ರಾಸಿನ ಕಲಾವಿದ ‘ಆರ್ಯ’ ಎರಡು ಫೋಟೋಗಳನ್ನು ಆಧರಿಸಿ ಗಾಂಧೀಜಿಯ ಭಾವಚಿತ್ರ ರಚಿಸಿದ್ದರು. ಪ್ರಕಾಶನ ಸಂಸ್ಥೆಯೊಂದರ ವಿರುದ್ಧದ ಮೊಕದ್ದಮೆಯಲ್ಲಿ, ಫೋಟೋಗಳಿಗಿಂತ ಭಿನ್ನವಾದ ಫಲ ಬಂದಿರುವುದರಿಂದ ಆ ಭಾವಚಿತ್ರ ಸ್ವಂತ ಕೃತಿಯೇ ಎಂದು ಮದ್ರಾಸ್ ಹೈಕೋರ್ಟ್ ಒಪ್ಪಿತು. 1961ರ ತೀರ್ಪು ಸಂಗ್ರಹಗಳಲ್ಲಿ ಅದು ಸೇರಿದೆ. ಹಾಗೆಂದು ಯಾರದೋ ಫೋಟೋಗೆ ಒಂದಿಷ್ಟು ಬಣ್ಣ ಬದಲಿಸಿ ‘ನಮ್ಮದೇ’ ಎನ್ನುವವರಿಗೆ ಈ ತೀರ್ಪು ಆಸರೆಯಾಗುವುದಿಲ್ಲ.

ಎಷ್ಟು ಕಾಲ?

ಫೋಟೋದ ಹಕ್ಕು ಶಾಶ್ವತವಲ್ಲ. 1957ರ ಕಾಯಿದೆಯಲ್ಲಿ ಪ್ರಕಟಣೆಯಿಂದ 50 ವರ್ಷ ಎಂದಿತ್ತು. 1992ರಲ್ಲಿ ಅದನ್ನು 60 ವರ್ಷ ಮಾಡಲಾಯಿತು. 2012ರ ತಿದ್ದುಪಡಿ ಫೋಟೋಗಿದ್ದ ಪ್ರತ್ಯೇಕ ಸೆಕ್ಷನ್ನನ್ನೇ ತೆಗೆದುಹಾಕಿ, ಕವಿ, ಚಿತ್ರಕಾರರಂತೆ ಛಾಯಾಗ್ರಾಹಕನಿಗೂ ಜೀವಿತಾವಧಿ ಮತ್ತು ಮರಣಾನಂತರ 60 ವರ್ಷ ಎಂದಿತು. ಕಲೆಯ ಮೆಟ್ಟಿಲಲ್ಲಿ ಒಂದು ಹಂತ ಕೆಳಗೆ ನಿಲ್ಲಿಸಿದ್ದ ಫೋಟೋವನ್ನು ಆಗ ಸಮನಾಗಿ ಕೂರಿಸಿದಂತಾಯಿತು.

ಆದರೆ ಅದಕ್ಕೂ ಮೊದಲೇ ಅವಧಿ ಮುಗಿದ ಚಿತ್ರಗಳಿಗೆ ಈ ತಿದ್ದುಪಡಿ ಮರುಜೀವ ಕೊಡಲಿಲ್ಲ. ನಮ್ಮ ದೇಶದಲ್ಲಿ 1951ರ ಕೊನೆಯೊಳಗೆ ಪ್ರಕಟವಾದ ಫೋಟೋಗಳ ಹಕ್ಕು ಮುಗಿದಿದೆ. ಹಳೆಯ ದಂಡಿನ ಪೋಸ್ಟ್‌ಕಾರ್ಡನ್ನು ಹೋಟೆಲಿನ ಗೋಡೆಗೆ ದೊಡ್ಡದಾಗಿ ಮುದ್ರಿಸಿ ಹಾಕಲು ಯಾರನ್ನೂ ಕೇಳಬೇಕಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ಹಕ್ಕು ಮುಗಿದ ತನ್ನ ಸುಮಾರು 3,75,000 ಕೃತಿಚಿತ್ರಗಳನ್ನು ವ್ಯಾಪಾರಕ್ಕೂ ಬಳಸಬಹುದೆಂದು ಬಿಟ್ಟುಕೊಟ್ಟಿತು. ಟ್ರೈಪ್ ತೆಗೆದ ಚಿತ್ರಗಳನ್ನೂ ಹೊಂದಿರುವ ಸಂಗ್ರಹಾಲಯ ಅದು.

ಲೈಸೆನ್ಸ್ ಎಂದರೆ ಬಾಡಿಗೆ ಮನೆ

ಬಳಕೆದಾರನಿಗೆ ಚಿತ್ರ ಎರಡು ರೀತಿಯಲ್ಲಿ ಸಿಗಬಹುದು. ಒಂದು, ಹಕ್ಕಿನ ವರ್ಗಾವಣೆ. ಇದು ಮನೆ ಕೊಂಡಂತೆ. ಇನ್ನೊಂದು, ಲೈಸೆನ್ಸ್. ಇದು ಬಾಡಿಗೆಗೆ ಹಿಡಿದಂತೆ. ಒಡೆತನ ಮಾಲಕನಲ್ಲೇ ಉಳಿಯುತ್ತದೆ, ಒಪ್ಪಿದ ಬಗೆಯಲ್ಲಿ ವಾಸ ಮಾಡುವ ಅನುಮತಿ ಮಾತ್ರ ನಮ್ಮದು. ಎರಡೂ ಲಿಖಿತವಾಗಿರಬೇಕು ಎನ್ನುತ್ತದೆ ಕಾನೂನು. ಎಷ್ಟು ವರ್ಷಕ್ಕೆ ಎಂದು ಪತ್ರದಲ್ಲಿ ಬರೆಯದಿದ್ದರೆ 5 ವರ್ಷ ಎಂದೂ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತದೊಳಗೆ ಎಂದೂ ತಿಳಿಯಬೇಕು. ಬಾಯಿಮಾತಿನ ‘ಬಳಸಿಕೊಳ್ಳಿ ಭಾಯ್’ ಎಂಬುದು ಸ್ನೇಹಕ್ಕೆ ಸಾಕು, ಕೋರ್ಟಿಗೆ ಸಾಲದು.

ಇಂದು ಚಿತ್ರಗಳನ್ನು ಮಾರುವ ದೊಡ್ಡ ಕಣಜಗಳಿವೆ. 1995ರಲ್ಲಿ ಆರಂಭವಾದ ಗೆಟ್ಟಿ ಇಮೇಜಸ್, 2003ರ ಷಟರ್‌ಸ್ಟಾಕ್ ಇವುಗಳಲ್ಲಿ ಪ್ರಮುಖ. ಹಿಂದೆ ಬಹುಮಟ್ಟಿಗೆ ಬಳಕೆಯನ್ನು ಅಳೆದು ಬೆಲೆ ಕಟ್ಟುತ್ತಿದ್ದರು. ಯಾವ ಜಾಹೀರಾತು, ಯಾವ ಊರು, ಎಷ್ಟು ತಿಂಗಳು ಎಂಬುದರ ಮೇಲೆ ದರ. ಈಗ ಹೆಚ್ಚಾಗಿ ನಡೆಯುವುದು ‘ರಾಯಲ್ಟಿ ಫ್ರೀ’ ಎಂಬ ಪದ್ಧತಿ. ಈ ಪದ ಅನೇಕರನ್ನು ದಾರಿ ತಪ್ಪಿಸಿದೆ. ಇದರರ್ಥ ಚಿತ್ರ ಪುಕ್ಕಟೆ ಎಂದಲ್ಲ. ಒಂದು ಸಲ ಹಣ ಕೊಟ್ಟರೆ ಪ್ರತಿ ಬಳಕೆಗೂ ಮತ್ತೆ ಕೊಡಬೇಕಿಲ್ಲ ಎಂದಷ್ಟೇ. ಅದಕ್ಕೂ ಷರತ್ತುಗಳಿವೆ. ಜಾಹೀರಾತಿಗೆ ಬಳಸಬಹುದಾದ ಅದೇ ಚಿತ್ರವನ್ನು ಟೀ ಶರ್ಟಿಗೆ ಅಚ್ಚು ಹಾಕಿ ಮಾರಲು ಬೇರೆ ಲೈಸೆನ್ಸ್ ಬೇಕಾಗಬಹುದು.

ಇನ್ನೊಂದು ಮಾತು ಅತಿ ಮುಖ್ಯ. ಕೆಲವು ಚಿತ್ರಗಳ ಕೆಳಗೆ ‘ಸಂಪಾದಕೀಯ ಬಳಕೆಗೆ ಮಾತ್ರ’ ಎಂಬ ಅರ್ಥದ ಸೂಚನೆ ಇರುತ್ತದೆ. ಸುದ್ದಿಗೆ, ಲೇಖನಕ್ಕೆ, ಪಾಠಕ್ಕೆ ಬಳಸಬಹುದು, ಸರಕು ಮಾರಲು ಬಳಸುವಂತಿಲ್ಲ ಎಂದು ಇದರ ಸಾರ. ಚಿತ್ರದಲ್ಲಿರುವ ವ್ಯಕ್ತಿ ಜಾಹೀರಾತಿಗೆ ಒಪ್ಪಿಗೆ ಕೊಟ್ಟಿಲ್ಲ ಎಂಬುದೇ ಹೆಚ್ಚಾಗಿ ಇದಕ್ಕೆ ಕಾರಣ. ಹಣ ಕೊಟ್ಟರೂ ದಾಟಲಾಗದ ಗೆರೆ ಇದು.

ಪುಕ್ಕಟೆಯಾಗಿ ಹಂಚುವ ಉದಾರಿಗಳೂ ಇದ್ದಾರೆ. 2001ರಲ್ಲಿ ಅಮೆರಿಕದಲ್ಲಿ ಆರಂಭವಾದ ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆ ಮರುವರ್ಷ ಕೆಲವು ಸರಳ ಲೈಸೆನ್ಸುಗಳನ್ನು ರೂಪಿಸಿತು. ಕನ್ನಡದಲ್ಲಿ ನಿರಂಜನರ ಕೃತಿಗಳನ್ನು ಅವರ ಕುಟುಂಬ 2014ರಲ್ಲಿ ಇಂತಹ ಲೈಸೆನ್ಸಿನಡಿ ಎಲ್ಲರಿಗೂ ಮುಕ್ತಗೊಳಿಸಿತು. ಆದರೆ ಈ ಲೈಸೆನ್ಸುಗಳಲ್ಲೂ ಬಗೆಗಳಿವೆ. ಹೆಚ್ಚಿನವು ತೆಗೆದವರ ಹೆಸರು ಹಾಕಲೇಬೇಕು ಎನ್ನುತ್ತವೆ. ಕೆಲವು ಬದಲಾಯಿಸಬೇಡಿ ಎನ್ನುತ್ತವೆ. ಕೆಲವು ವ್ಯಾಪಾರಕ್ಕೆ ಬೇಡ ಎನ್ನುತ್ತವೆ. ಷರತ್ತು ಓದದೆ ತೆಗೆದುಕೊಂಡವನು ದಾನವನ್ನು ಕಳವಾಗಿ ಮಾರ್ಪಡಿಸುತ್ತಾನೆ.

ಜಾಲತಾಣದಲ್ಲಿ ಯಾರೋ ಹಾಕಿದ್ದಾರೆ ಎಂದ ಮಾತ್ರಕ್ಕೆ ಅದು ಎಲ್ಲರದಾಗುವುದಿಲ್ಲ. 2010ರ ಹೈಟಿ ಭೂಕಂಪದ ಚಿತ್ರಗಳನ್ನು ಡೇನಿಯಲ್ ಮೊರೆಲ್ ಎಂಬ ಛಾಯಾಗ್ರಾಹಕ ಟ್ವಿಟರಿನಲ್ಲಿ ಹಂಚಿದ್ದರು. ಎ.ಎಫ್.ಪಿ. ಸುದ್ದಿಸಂಸ್ಥೆ ಮತ್ತು ಗೆಟ್ಟಿ ಅವುಗಳನ್ನು ಕೇಳದೆ ವಿತರಿಸಿದವು. 2013ರಲ್ಲಿ ನ್ಯೂಯಾರ್ಕಿನ ನ್ಯಾಯಮಂಡಲಿ 12 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದಿತು. ಚಿತ್ರ ಮಾರಿ ಬದುಕುವ ಸಂಸ್ಥೆಗಳೇ ಎಡವಿದ ಜಾಗ ಇದು.

ಬೆಂಗಳೂರಿನ ಟೈಟಾನ್ ಕಂಪೆನಿಯ ಮೊಕದ್ದಮೆ ನಮಗೆ ಇನ್ನೂ ಹತ್ತಿರದ್ದು. ತನ್ನ ತನಿಷ್ಕ್ ಒಡವೆಗಳಿಗಾಗಿ ಅದು ಅಮಿತಾಭ್ ಬಚ್ಚನ್ ಮತ್ತು ಜಯಾ ಬಚ್ಚನ್ ಇರುವ ಜಾಹೀರಾತು ಮಾಡಿಸಿತ್ತು. ಉತ್ತರ ಪ್ರದೇಶದ ಮುಜಫ್ಫರನಗರದ ಒಬ್ಬ ಒಡವೆ ವ್ಯಾಪಾರಿ ಅದೇ ಚಿತ್ರವನ್ನು ತನ್ನ ಅಂಗಡಿಯ ಹೋರ್ಡಿಂಗಿಗೆ ಹಾಕಿಕೊಂಡ. 2012ರಲ್ಲಿ ದೆಹಲಿ ಹೈಕೋರ್ಟ್ ಅಲ್ಲಿ ಎರಡು ತಪ್ಪುಗಳನ್ನು ಕಂಡಿತು. ಟೈಟಾನಿನ ಹಕ್ಕುಸ್ವಾಮ್ಯದ ಉಲ್ಲಂಘನೆ ಒಂದು. ತಮ್ಮ ಮುಖ, ಹೆಸರುಗಳನ್ನು ಯಾವ ಸರಕಿಗೆ ಕೊಡಬೇಕು ಎಂದು ತೀರ್ಮಾನಿಸುವ ಆ ದಂಪತಿಯ ಹಕ್ಕಿನ ಉಲ್ಲಂಘನೆ ಇನ್ನೊಂದು.

ಚಿತ್ರದೊಳಗಿನ ಮನುಷ್ಯ

ಬಚ್ಚನ್ ದಂಪತಿಯ ಮುಖಕ್ಕೆ ಬೆಲೆಯಿದೆ, ಆದ್ದರಿಂದ ಕೋರ್ಟಿನಲ್ಲಿ ಅವರ ಹಕ್ಕಿನ ಮಾತು ಬಂತು. ಬಡವರ ಮುಖಕ್ಕೆ?

1936ರಲ್ಲಿ ಡೊರೊತಿಯಾ ಲ್ಯಾಂಗ್ ಅಮೆರಿಕ ಸರಕಾರಕ್ಕಾಗಿ ಕ್ಯಾಲಿಫೋರ್ನಿಯಾದ ವಲಸೆ ಕೂಲಿ ತಾಯಿಯೊಬ್ಬಳ ಫೋಟೋ ತೆಗೆದಳು. ಅಲ್ಲಿ ಸರಕಾರದ ಕೃತಿಗೆ ಹಕ್ಕುಸ್ವಾಮ್ಯವಿಲ್ಲ, ಯಾರು ಬೇಕಾದರೂ ಮುದ್ರಿಸಬಹುದು. ಜಗತ್ತಿನಾದ್ಯಂತ ಮುದ್ರಿಸಿದರು. 1970ರ ದಶಕದ ಕೊನೆಗೆ ಆಕೆಯ ಗುರುತು ಪತ್ತೆಯಾದಾಗ, ಆ ಚಿತ್ರದಿಂದ ತನಗೆ ಒಂದು ಕಾಸೂ ಬರಲಿಲ್ಲ ಎಂದು ಆಕೆ ನೊಂದು ನುಡಿದಳು. 1984ರಲ್ಲಿ ಪಾಕಿಸ್ತಾನದ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕರಿ ತೆಗೆದ ಹಸಿರು ಕಣ್ಣಿನ ಅಫಘಾನ್ ಹುಡುಗಿಯ ಚಿತ್ರ ಮರುವರ್ಷ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಮುಖಪುಟವಾಯಿತು. ಆಕೆಯ ಹೆಸರು ಶರ್ಬತ್ ಗುಲಾ ಎಂದು ಲೋಕಕ್ಕೆ ತಿಳಿದದ್ದು 2002ರಲ್ಲಿ. ಕೋಟ್ಯಂತರ ಜನ ನೋಡಿದ ತನ್ನ ಚಿತ್ರವನ್ನು ಆಕೆ ಅದುವರೆಗೆ ನೋಡಿರಲಿಲ್ಲ.

ಅದೇ 2002ರಲ್ಲಿ ಗುಜರಾತಿನ ಗಲಭೆಯಲ್ಲಿ, ಕೈಮುಗಿದು ಪ್ರಾಣಭಿಕ್ಷೆ ಬೇಡುವ ಅಹಮದಾಬಾದಿನ ದರ್ಜಿಯೊಬ್ಬರ ಚಿತ್ರವನ್ನು ರಾಯಿಟರ್ಸ್ ಸಂಸ್ಥೆಯ ಆರ್ಕೋ ದತ್ತ ತೆಗೆದರು. ಆ ಚಿತ್ರ ಪ್ರಕಟವಾಗಬೇಕಾಗಿತ್ತು. ಅದು ಸತ್ಯಕ್ಕೆ ಸಾಕ್ಷಿ. ಆದರೆ ಸುದ್ದಿಯ ಆಚೆಗೆ, ಪೋಸ್ಟರುಗಳಲ್ಲಿ, ರಾಜಕೀಯ ಪ್ರಚಾರದಲ್ಲಿ ಅದು ಮತ್ತೆ ಮತ್ತೆ ಬಂದಾಗ ನೆಮ್ಮದಿ ಕಳೆದುಕೊಂಡವರು ಆ ದರ್ಜಿ. ಹದಿನಾಲ್ಕು ವರ್ಷಗಳ ಅನಂತರ, 2016ರ ಅಸ್ಸಾಮಿನ ಚುನಾವಣಾ ಜಾಹೀರಾತಿನಲ್ಲಿ ಅದನ್ನು ಬಳಸಿದಾಗ ಅವರು ಬಹಿರಂಗವಾಗಿ ಆಕ್ಷೇಪಿಸಿದರು. ಅವರ ನೋವಿಗೆ ಹಕ್ಕುಸ್ವಾಮ್ಯದ ಕಾನೂನಿನಲ್ಲಿ ಉತ್ತರವಿಲ್ಲ. ಏಕೆಂದರೆ ಅವರು ಚಿತ್ರ ತೆಗೆದವರಲ್ಲ, ತೆಗೆಸಿದವರೂ ಅಲ್ಲ. ಅದರೊಳಗೆ ಇದ್ದವರು ಮಾತ್ರ.

ಉತ್ತರ ಬೇರೆ ಕಡೆಯಿಂದ ಬರಬೇಕು. 1994ರಲ್ಲಿ ಆರ್. ರಾಜಗೋಪಾಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಒಬ್ಬರ ಹೆಸರು ಅಥವಾ ರೂಪವನ್ನು ಒಪ್ಪಿಗೆಯಿಲ್ಲದೆ ಜಾಹೀರಾತಿಗೆ ಬಳಸುವುದು ಖಾಸಗಿತನದ ಭಂಗ ಎಂದು ಹೇಳಿತು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಸಾರಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಬೆಂಗಳೂರಿನಲ್ಲಿ ನೆಲೆಸಿದ್ದ ಅವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಕೋರ್ಟಿನ ಮೆಟ್ಟಿಲೇರಿದ್ದರು. ಮುಖ ನಮ್ಮದು ಎಂಬ ಸರಳ ಮಾತಿಗೆ ಸಂವಿಧಾನದ ಬಲ ಸಿಕ್ಕಿದ್ದರಲ್ಲಿ ಬೆಂಗಳೂರಿನ ಈ ಹಿರಿಯರ ಪಾಲಿದೆ.

ಆದ್ದರಿಂದ ವ್ಯಾಪಾರಕ್ಕೆ ಫೋಟೋ ಬಳಸುವವನು ಎರಡು ಬಾಗಿಲು ತಟ್ಟಬೇಕು. ಒಂದು ಚಿತ್ರದ ಒಡೆಯನದು, ಇನ್ನೊಂದು ಚಿತ್ರದೊಳಗಿರುವವರದು. ಹೊಲಿಗೆಯಂಗಡಿಯವನು ತನ್ನ ಗಿರಾಕಿಯ ಮಗುವಿನ ಫೋಟೋವನ್ನು ಬೋರ್ಡಿಗೆ ಹಾಕಬೇಕಾದರೆ, ತಾನೇ ತೆಗೆದಿದ್ದರೂ ತಂದೆತಾಯಿಯ ಒಪ್ಪಿಗೆಯನ್ನು ಒಂದು ಕಾಗದದಲ್ಲಿ ಪಡೆಯಬೇಕು.

ಕಟ್ಟಡಗಳ ವಿಷಯದಲ್ಲಿ ಕಾನೂನು ಉದಾರವಾಗಿದೆ. ಕಟ್ಟಡದ ಫೋಟೋ ತೆಗೆಯುವುದು ಅದರ ಶಿಲ್ಪಿಯ ಹಕ್ಕುಸ್ವಾಮ್ಯಕ್ಕೆ ಧಕ್ಕೆಯಲ್ಲ. ಸಾರ್ವಜನಿಕ ಸ್ಥಳದಲ್ಲಿ ಸ್ಥಾಯಿಯಾಗಿರುವ ಪ್ರತಿಮೆಗೂ ಇದೇ ರಿಯಾಯಿತಿ. ಆದರೆ 2017ರಲ್ಲಿ ಮುಂಬಯಿಯ ತಾಜ್ ಮಹಲ್ ಪ್ಯಾಲೇಸ್ ಹೋಟೆಲು ತನ್ನ ಕಟ್ಟಡದ ರೂಪವನ್ನೇ ಟ್ರೇಡ್ ಮಾರ್ಕ್ ಆಗಿ ನೋಂದಾಯಿಸಿತು. ಅಂತಹ ಕಟ್ಟಡದ ಚಿತ್ರವನ್ನು ತನ್ನ ಸರಕಿನ ಗುರುತಾಗಿ ಬಳಸುವ ವ್ಯಾಪಾರಿ ಇನ್ನೊಂದು ಕಾನೂನಿಗೂ ಉತ್ತರಿಸಬೇಕಾಗುತ್ತದೆ.

ನೋಟಿಸು ಬಂದರೆ

ಉಲ್ಲಂಘನೆಗೆ ನಮ್ಮ ಕಾಯಿದೆಯಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷ ರೂಪಾಯಿಯವರೆಗೆ ದಂಡವಿದೆ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲದಿದ್ದರೆ ನ್ಯಾಯಾಲಯ ಕಾರಣ ಬರೆದು ಕಡಿಮೆ ಮಾಡಬಹುದು. ಹಕ್ಕುಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವಲ್ಲ, ಚಿತ್ರ ತೆಗೆದ ಕ್ಷಣವೇ ಅದು ಹುಟ್ಟುತ್ತದೆ. ವಿಮರ್ಶೆ, ಸುದ್ದಿ, ಖಾಸಗಿ ಅಧ್ಯಯನಕ್ಕೆ ಇರುವ ರಿಯಾಯಿತಿ ಅಂಗಡಿಯ ಜಾಹೀರಾತಿಗೆ ಅನ್ವಯಿಸುವುದಿಲ್ಲ. ತೆಗೆದವರ ಹೆಸರನ್ನು ಅಳಿಸಿ ಬಳಸುವುದು ಇನ್ನೊಂದು ತಪ್ಪು. ಹಕ್ಕನ್ನು ಮಾರಿದ ಮೇಲೂ ‘ಇದು ನಾನು ಮಾಡಿದ್ದು’ ಎಂದು ಹೇಳುವ ಅಧಿಕಾರ ಕರ್ತೃವಿನಲ್ಲೇ ಉಳಿಯುತ್ತದೆ.

ಹಾಗೆಂದು ಬಂದ ನೋಟಿಸುಗಳೆಲ್ಲ ನ್ಯಾಯವೆಂದಲ್ಲ. ಕ್ಯಾರಲ್ ಹೈಸ್ಮಿತ್ ಎಂಬ ಅಮೆರಿಕದ ಛಾಯಾಗ್ರಾಹಕಿ ತನ್ನ ಸಾವಿರಾರು ಚಿತ್ರಗಳನ್ನು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಮೂಲಕ ಜನರಿಗೆ ಬಿಟ್ಟುಕೊಟ್ಟಿದ್ದಳು. ಆಕೆಯದೇ ಚಿತ್ರ ಆಕೆಯದೇ ಸಂಸ್ಥೆಯ ಜಾಲತಾಣದಲ್ಲಿದ್ದುದಕ್ಕೆ 120 ಡಾಲರ್ ಕೊಡಬೇಕೆಂದು ಆಕೆಗೇ ಪತ್ರ ಬಂತು! 2016ರಲ್ಲಿ ಆಕೆ ಹೂಡಿದ ದಾವೆ ಹೆಚ್ಚೇನೂ ಫಲ ಕೊಡಲಿಲ್ಲ. ಎಲ್ಲರಿಗೂ ಸೇರಿದ್ದನ್ನು ಬೇಲಿ ಹಾಕಿ ಮಾರುವವರೂ ಇದ್ದಾರೆ ಎಂಬುದಕ್ಕೆ ಇದೊಂದು ನಿದರ್ಶನ. ನಮ್ಮ ಕಾಯಿದೆಯ 60ನೇ ಸೆಕ್ಷನ್ ಆಧಾರವಿಲ್ಲದ ಬೆದರಿಕೆಗೆ ಗುರಿಯಾದವನಿಗೂ ಕೋರ್ಟಿಗೆ ಹೋಗಿ ಪರಿಹಾರ ಕೇಳುವ ಹಕ್ಕು ಕೊಟ್ಟಿದೆ. ಆದ್ದರಿಂದ ನೋಟಿಸು ಕಂಡು ಹೆದರಿ ಕೂಡಲೇ ಹಣ ಕಟ್ಟುವುದೂ, ಹರಿದು ಬಿಸಾಡುವುದೂ ಸರಿಯಲ್ಲ. ಚಿತ್ರವನ್ನು ತೆಗೆದಿಡಿ. ಅದು ಎಲ್ಲಿಂದ ಬಂತು, ಯಾವ ದಿನ, ಯಾವ ಷರತ್ತಿನಲ್ಲಿ ಎಂಬ ದಾಖಲೆ ಹುಡುಕಿ. ಹಕ್ಕು ತಮ್ಮದೆನ್ನುವವರಲ್ಲಿ ಅದಕ್ಕೆ ಆಧಾರ ಕೇಳಿ. ಅನಂತರ ವಕೀಲರಲ್ಲಿಗೆ ಹೋಗಿ.

ಬೋರ್ಡು ಮಾಡಿಕೊಡುವ ಅಂಗಡಿಯವನು ಚಿತ್ರ ಹುಡುಕಿ ಹಾಕಿದ್ದರೂ ಹೊಣೆ ಅವನೊಬ್ಬನದೇ ಆಗುವುದಿಲ್ಲ. ಬೋರ್ಡು ನೇತುಹಾಕಿ ವ್ಯಾಪಾರ ಮಾಡುವವನನ್ನೂ ಕಾನೂನು ಕೇಳುತ್ತದೆ. ಚಿತ್ರ ಎಲ್ಲಿಂದ ತಂದಿರಿ ಎಂದು ಮುದ್ರಣಕ್ಕೆ ಮೊದಲೇ ಕೇಳುವುದಕ್ಕೆ ಖರ್ಚಿಲ್ಲ.

ನಮ್ಮ ಬೀದಿಯ ಸ್ಟುಡಿಯೊ

ಮೊಬೈಲ್ ಬಂದ ಮೇಲೆ ಬೀದಿಬೀದಿಯ ಸ್ಟುಡಿಯೊಗಳು ಸೊರಗಿದವು. ಡಾರ್ಕ್‌ರೂಮಿನಲ್ಲಿ ಕಣ್ಣು ಸವೆಸಿದ ಕುಶಲಿಗಳು ಪಾಸ್‌ಪೋರ್ಟ್ ಅಳತೆಯ ಫೋಟೋ, ಜೆರಾಕ್ಸ್, ಲ್ಯಾಮಿನೇಷನ್‌ಗಳಲ್ಲಿ ದಿನ ದೂಡಬೇಕಾಯಿತು. ಅದೇ ಬೀದಿಯ ವ್ಯಾಪಾರಿಗಳು ಸಮುದ್ರದಾಚೆಯ ಯಾರದೋ ಚಿತ್ರವನ್ನು ಕೇಳದೆ ತಂದು ಬೋರ್ಡಿಗೆ ಅಂಟಿಸುತ್ತಾರೆ. ಒಬ್ಬನ ಅನ್ನ ಹೋಗುತ್ತದೆ, ಇನ್ನೊಬ್ಬನ ತಲೆಯ ಮೇಲೆ ನೋಟಿಸಿನ ಕತ್ತಿ ತೂಗುತ್ತದೆ. ಎರಡಕ್ಕೂ ಪರಿಹಾರ ಒಂದೇ ಕಡೆಯಿದೆ, ಅದು ನಾಲ್ಕು ಹೆಜ್ಜೆ ದೂರದಲ್ಲಿದೆ.

ಟ್ರೈಪನ ಕಾಲದಲ್ಲಿ ಫೋಟೋ ಸರಕಾರದ್ದಾಗಿತ್ತು. ಮುಂದೆ ನೆಗೆಟಿವಿನ ಒಡೆಯನದಾಯಿತು, ಅನಂತರ ತೆಗೆದವನದೂ ತೆಗೆಸಿದವನದೂ ಆಯಿತು. ಇತ್ತೀಚೆಗೆ ಅದರೊಳಗಿನ ಮನುಷ್ಯನ ಮಾತನ್ನೂ ಕೇಳಬೇಕೆಂದು ನ್ಯಾಯಾಲಯಗಳು ಹೇಳತೊಡಗಿವೆ. ಒಂದೊಂದು ಹಂತದಲ್ಲೂ ಹಕ್ಕು ಬಲಾಢ್ಯರಿಂದ ಒಂದಿಷ್ಟು ಕೆಳಗಿಳಿದು ದುಡಿಯುವವರ ಕಡೆಗೆ ಬಂದಿದೆ. ಅದು ಕಾಗದದ ಮೇಲಷ್ಟೇ ಉಳಿಯಬೇಕೇ, ನಮ್ಮ ಅಂಗಡಿಯ ಬೋರ್ಡಿನವರೆಗೂ ಬರಬೇಕೇ ಎಂಬುದನ್ನು ತೀರ್ಮಾನಿಸಬೇಕಾದವರು ನಾವೇ. ಯಾರದೋ ಹೊಲದ ಬೆಳೆಯನ್ನು ಕೇಳದೆ ಕೊಯ್ಯಲು ಹಿಂಜರಿಯುವ ನಾವು, ಯಾರದೋ ಕಣ್ಣಿನ ದುಡಿಮೆಯನ್ನು, ಯಾರದೋ ಮುಖವನ್ನು ಕೇಳದೆ ಎತ್ತಿಕೊಳ್ಳುವಾಗಲೂ ಒಮ್ಮೆ ಹಿಂಜರಿಯಬೇಡವೇ?